ಆರ್‌ಸಿ ನಿಮ್ಮ ಹೆಸರಿಗೆ ಬಂತು, ಆ್ಯಪ್ ಬಂತಾ?

ಪ್ರಶ್ನೆ: ಮಡಿಕೇರಿಯ ಹೋಂಸ್ಟೇ ಒಂದರಿಂದ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಬೈಕ್ ತಗೊಂಡೆ. ಮೊದಲು ಅಲ್ಲಿಯ ಅತಿಥಿಗಳು ಓಡಿಸುತ್ತಿದ್ದರು. ಆರ್‌ಸಿ ನನ್ನ ಹೆಸರಿಗಾಗಿದೆ, ಆ್ಯಪ್ ಇನ್ನೂ ಅವರ ನಂಬರಿನಲ್ಲೇ ಇದೆ. ಸಂಪಾಜೆ ಘಾಟಿ ಇಳಿಯುವಾಗ ಯಾರಾದ್ರೂ ಮೊಬೈಲಿನಿಂದಲೇ ಬೈಕ್ ನಿಲ್ಲಿಸಬಹುದು ಅಂತ ಗೆಳೆಯ ಹೆದರಿಸುತ್ತಾನೆ. ನಿಜವಾ?
– ಓದುಗರು, ಗೋಣಿಕೊಪ್ಪ

ಉತ್ತರ: ಪೂರ್ತಿ ಸುಳ್ಳಲ್ಲ. 2019ರಲ್ಲಿ ಶಿಯೋಮಿಯ ಎಂ365 ಸ್ಕೂಟರ್, ಅದೇ ನಿಂತುಕೊಂಡು ಓಡಿಸುವಂಥದ್ದು, ಅದನ್ನು ಸಂಶೋಧಕರು ಸುಮಾರು 100 ಮೀಟರ್ ದೂರದಿಂದ ಬ್ಲೂಟೂತ್‌ನಲ್ಲೇ ಲಾಕ್ ಮಾಡಿ ತೋರಿಸಿದರು. ಪಾಸ್‌ವರ್ಡ್ ಇತ್ತು, ಆದರೆ ಅದನ್ನು ನೋಡುತ್ತಿದ್ದದ್ದು ಆ್ಯಪ್ ಮಾತ್ರ. ಸ್ಕೂಟರ್ ಕೇಳುತ್ತಲೇ ಇರಲಿಲ್ಲ!

ಆದರೂ ಘಾಟಿ ತಿರುವಿನಲ್ಲಿ ಯಾರೋ ಅಪರಿಚಿತ ಹ್ಯಾಕರ್ ನಿಮಗಾಗಿ ಕಾದಿರುತ್ತಾನೆ ಅಂತ ನನಗನಿಸುವುದಿಲ್ಲ. ನನಗೆ ಚಿಂತೆ ಹಳೇ ಮಾಲೀಕರ ಫೋನಿನದು. ಆರ್‌ಟಿಒದಲ್ಲಿ ಹೆಸರು ಬದಲಾದ ಮಾತ್ರಕ್ಕೆ ಕಂಪನಿಯ ಸರ್ವರ್‌ನಲ್ಲಿ ಬದಲಾಗುವುದಿಲ್ಲ. ಬೈಕಿನೊಳಗೆ ಸಿಮ್ ಇರುವ ಮಾಡೆಲ್ ಆದರೆ ಬೈಕ್ ಎಲ್ಲಿದೆ ಅಂತ ಅವರಿಗೆ ಈಗಲೂ ಕಾಣಬಹುದು, ಕೆಲವು ಮಾಡೆಲ್‌ಗಳಲ್ಲಿ ದೂರದಿಂದಲೇ ಲಾಕ್ ಕೂಡ ಮಾಡಬಹುದು. ಆರ್‌ಸಿ ತಗೊಂಡು ಶೋರೂಮಿಗೆ ಹೋಗಿ ಅಕೌಂಟ್ ಬದಲಿಸಿಕೊಳ್ಳಿ, ಬ್ಲೂಟೂತ್‌ನಲ್ಲಿರುವ ಹಳೇ ಫೋನುಗಳನ್ನೆಲ್ಲ ಅಳಿಸಿ, ಪಿನ್ ಬದಲಿಸಿ. ಆಮೇಲೆ ಹಳೇ ಮಾಲೀಕರ ಹತ್ತಿರ ಅವರ ಆ್ಯಪ್ ತೆರೆಸಿ ನೋಡಿ. ನಿಮ್ಮ ಬೈಕ್ ಇನ್ನೂ ಅದರಲ್ಲಿ ಕಂಡರೆ ಕೆಲಸ ಆಗಿಲ್ಲ ಅಂತಲೇ ಅರ್ಥ.

ಇನ್ನೊಂದು, ಅತಿಥಿಗಳಿಗೆ ಕೊಡುತ್ತಿದ್ದ ಗಾಡಿ ಅಂದಿರಲ್ಲ, ಸೀಟಿನ ಕೆಳಗೆ ಜಿಪಿಎಸ್ ಟ್ರ್ಯಾಕರ್ ಕೂರಿಸಿರಬಹುದು. ಬೆಂಕಿಪೊಟ್ಟಣದಷ್ಟಿರುವ ಕಪ್ಪು ಡಬ್ಬಿ, ಅದರಿಂದ ಬಂದ ಒಂದೆರಡು ವೈರು. ಇಂಥ ಎಷ್ಟೋ ಟ್ರ್ಯಾಕರ್‌ಗಳಿಗೆ ರಿಲೇ, ಅಂದರೆ ಕರೆಂಟ್ ಕಡಿಯುವ ಸ್ವಿಚ್, ಜೋಡಿಸಿ ಒಂದು ಎಸ್ಸೆಮ್ಮೆಸ್‌ನಲ್ಲಿ ಗಾಡಿ ಆಫ್ ಮಾಡುವ ಹಾಗೆ ಮಾಡಬಹುದು, ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡನ್ನು ಬದಲಿಸುವವರೂ ಕಡಿಮೆ. ನಿಮ್ಮ ಗೆಳೆಯರ ಭಯಕ್ಕೆ ಆಧಾರ ಇದ್ದರೆ ಇಲ್ಲೇ. ವೈರನ್ನು ನೀವೇ ಕತ್ತರಿಸಲು ಹೋಗಬೇಡಿ, ಶೋರೂಮಿನವರ ಕೈಲಿ ತೆಗೆಸಿ.

ಸ್ಪೀಡ್ ಜಾಸ್ತಿ ಮಾಡಿಕೊಡ್ತೀವಿ ಅಂತ ಲ್ಯಾಪ್‌ಟಾಪ್ ಹಿಡಿದು ಬರುವವರಿಗಂತೂ ಬೈಕ್ ಕೊಡಲೇಬೇಡಿ. ಬ್ಯಾಟರಿ ಎಷ್ಟು ಬಿಸಿಯಾಗಬಹುದು, ಎಷ್ಟು ಕರೆಂಟ್ ಬಿಡಬಹುದು ಅನ್ನುವ ಮಿತಿ ಇರುವುದು ಸಾಫ್ಟ್‌ವೇರ್‌ನಲ್ಲೇ. ಅದನ್ನು ಸಡಿಲಿಸಿ ಘಾಟಿ ಹತ್ತಿದರೆ ಬ್ಯಾಟರಿಗೆ ಬೆಂಕಿ ಬೀಳುವ ಅಪಾಯ ಹೆಚ್ಚುತ್ತದೆ, ವಾರಂಟಿಯೂ ಹೋಗುತ್ತದೆ.

ಕಂಪನಿ ಕಳಿಸುವ ಅಪ್‌ಡೇಟ್ ಮಾತ್ರ ತಪ್ಪಿಸಬೇಡಿ. ತೋಟದೊಳಗೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ, ಅಲ್ವಾ? ಪೇಟೆಗೆ ಬಂದಾಗ, ಚಾರ್ಜ್ ಸಾಕಷ್ಟಿರುವಾಗ ಹಾಕಿಕೊಳ್ಳಿ, ಮುಗಿಯುವ ತನಕ ಆಫ್ ಮಾಡಬೇಡಿ.