ಬಿಳಿ ಹಿಟ್ಟಿನ ಉಪಕಾರ

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಹಿಟ್ಟು ಕಟ್ಟುತ್ತದೆ. ಕುದಿಸಿದರೆ ಮೈಕ್ರೋಪ್ಲಾಸ್ಟಿಕ್ (ಅತಿ ಸಣ್ಣ ಪ್ಲಾಸ್ಟಿಕ್ ಕಣಗಳು) ಹೋಗುತ್ತದೆಯೇ?

ಉತ್ತರ: ಬಹುಪಾಲು ಹೋಗುತ್ತದೆ. ನೀವು ಬೈದುಕೊಂಡು ಉಜ್ಜುವ ಆ ಹಿಟ್ಟೇ ಇಲ್ಲಿ ಉಪಕಾರಿ. ಗಡಸು ನೀರು ಕುದಿದಾಗ ಸುಣ್ಣದಂಶ ಹರಳುಗಟ್ಟಿ, ಪ್ಲಾಸ್ಟಿಕ್ ಕಣಗಳನ್ನು ಒಳಗೆ ಹಿಡಿದುಕೊಂಡು ತಳಕ್ಕೆ ಕೂರುತ್ತದೆ. 2024ರಲ್ಲಿ ಪ್ರಕಟವಾದ ಚೀನಾದ ಪ್ರಯೋಗದಲ್ಲಿ, ಲೀಟರಿಗೆ 300 ಮಿ.ಗ್ರಾಂ ಗಡಸುತನದ ನೀರಿನಿಂದ ಶೇ 90ರಷ್ಟು ಕಣಗಳು ಬೇರ್ಪಟ್ಟವು. ಮೆದು ನೀರಿನಿಂದ ಸುಮಾರು ಶೇ 25 ಮಾತ್ರ.

ಸ್ಟೀಲ್ ಪಾತ್ರೆಯಲ್ಲಿ 5 ನಿಮಿಷ ಕುದಿಸಿ, ಅಲುಗಾಡಿಸದೆ ಆರಲು ಬಿಡಿ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ, ಕಾಗದದ ಕಾಫಿ ಫಿಲ್ಟರ್‌ನಲ್ಲಿ ಸೋಸಿ. ತಳದ ನೀರು ಚೆಲ್ಲಿ. ಪಾಲಿಯೆಸ್ಟರ್ ಬಟ್ಟೆ ಬೇಡ, ಅದರ ನಾರೂ ಪ್ಲಾಸ್ಟಿಕ್ಕೇ. ಬಿಸಿಬಿಸಿ ನೀರನ್ನು ಪ್ಲಾಸ್ಟಿಕ್ ಬಾಟಲಿಗೆ ಸುರಿದರಂತೂ ಪಟ್ಟ ಶ್ರಮ ನೀರುಪಾಲು. ಅಂದಹಾಗೆ, ಫ್ಲೋರೈಡ್ ಮತ್ತು ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ.