ಗಿರಣಿಯ ಹಲಗೆ, ಹಡಗಿಗೂ ಮನೆಗೂ

ಓದುಗರ ಪತ್ರ: ಕಳೆದ ಸಂಚಿಕೆಯ ಚಿತ್ರಲೇಖನದಲ್ಲಿ ನೆದರ್ಲೆಂಡ್ಸಿನ ಝಾನ್ ನದಿ ದಂಡೆಯ ಗಾಳಿಗಿರಣಿಗಳ ಹಳ್ಳಿ ಝಾನ್ಸೆ ಸ್ಖಾನ್ಸ್ ಬಗ್ಗೆ ಬರೆಯುತ್ತ ‘ಗಾಳಿಗಿರಣಿಗಳೇ ಹಡಗು ಕಟ್ಟಿದ ನಾಡು’ ಎಂದಿದ್ದೀರಿ. ಗಿರಣಿಗೂ ಹಡಗಿಗೂ ಎಲ್ಲಿಯ ನಂಟು? ಇಟ್ಟಿಗೆಗೆ ಹೆಸರಾದ ದೇಶದಲ್ಲಿ ಇಲ್ಲೇಕೆ ಮರದ ಮನೆ?

ಸಂಪಾದಕರ ಉತ್ತರ: ಗಿರಣಿ ಎಂದೊಡನೆ ನಮಗೆಲ್ಲ ನೆನಪಾಗುವುದು ಹಿಟ್ಟು. ಆಮ್‌ಸ್ಟರ್‌ಡ್ಯಾಮಿನ ವಾಯವ್ಯಕ್ಕಿರುವ ಝಾನ್ ನದಿಯ ದಂಡೆಯವರು ಗಾಳಿಯಿಂದ ಎಣ್ಣೆ ತೆಗೆದರು, ಬಣ್ಣ ಅರೆದರು, ಕಾಗದ ಮಾಡಿದರು, ಮರವನ್ನೂ ಕೊಯ್ದರು. ಹಡಗಿನ ನಂಟು ಇರುವುದು ಈ ಕೊನೆಯದರಲ್ಲಿ.

ಕೈಗರಗಸದ ಕೆಲಸ ನೋಡಿದವರಿಗೆ ಗೊತ್ತು: ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ, ಕೆಳಗಿನವನ ಕಣ್ಣಿಗೆಲ್ಲ ಮರದ ಹೊಟ್ಟು. 1590ರ ದಶಕದಲ್ಲಿ ಕೊರ್ನೆಲಿಸ್ ಕೊರ್ನೆಲಿಸ್‌ಜೋನ್ ಎಂಬಾತ ಗಾಳಿಗಿರಣಿಗೆ ಕ್ರ್ಯಾಂಕ್ ಎಂಬ ಡೊಂಕು ಅಚ್ಚು ಕೂರಿಸಿದ. ನಮ್ಮ ದರ್ಜಿಯ ಯಂತ್ರದಲ್ಲಿ ಪೆಡಲಿನ ಓಲಾಟ ಚಕ್ರದ ಸುತ್ತಾಟವಾಗುತ್ತದಲ್ಲ, ಇದು ಅದರ ತಿರುವುಮುರುವು. ರೆಕ್ಕೆ ಸುತ್ತಿದಂತೆ ಚೌಕಟ್ಟಿಗೆ ಬಿಗಿದ ಗರಗಸಗಳ ಸಾಲು ಮೇಲೆ ಕೆಳಗೆ ಆಡುತ್ತದೆ. ಹಲ್ಲುಗಾಲಿಯೊಂದು ದಿಮ್ಮಿಯನ್ನು ತುಸುತುಸುವೇ ಮುಂದೊಡ್ಡುತ್ತದೆ. ದಿಮ್ಮಿ ಆ ಕಡೆ ಹೊರಬರುವಾಗ ಹಲಗೆಗಳಾಗಿರುತ್ತದೆ. ಆಮ್‌ಸ್ಟರ್‌ಡ್ಯಾಮಿನ ಮರ ಕೊಯ್ಯುವವರ ಸಂಘ ಹೊಟ್ಟೆಪಾಡಿಗೆ ಕಲ್ಲು ಬಿತ್ತೆಂದು ಇದನ್ನು ವಿರೋಧಿಸಿತು. ಝಾನ್ ದಂಡೆಯವರು ಎರಡೂ ಕೈಯಲ್ಲಿ ಬಾಚಿಕೊಂಡರು. ಹಲಗೆ ಅಗ್ಗವಾದ ಕಡೆ ಹಡಗುಕಟ್ಟೆಗಳು ಎದ್ದವು.

ರಷ್ಯದ ದೊರೆ ಪೀಟರ್ 1697ರ ಆಗಸ್ಟಿನಲ್ಲಿ ಹೆಸರು ಮರೆಸಿಕೊಂಡು ಹಡಗುಗೆಲಸ ಕಲಿಯಲು ಬಂದದ್ದು ಈ ದಂಡೆಯ ಊರಾದ ಝಾನ್‌ಡಾಮಿಗೇ. ಗುಟ್ಟು ನಿಲ್ಲಲಿಲ್ಲ. ಜನ ಮುತ್ತಿಕೊಂಡರು, ಎಂಟೇ ದಿನದಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೊರಟ. ಅವನು ತಂಗಿದ್ದ, 1632ರ ಮರದ ಮನೆ ವಾಲಿಕೊಂಡೇ ಉಳಿದಿದೆ. ತಮಾಷೆಯೆಂದರೆ, ಅದನ್ನು ಕಾಪಾಡಲು ಸುತ್ತ ಇಟ್ಟಿಗೆಯ ಕಟ್ಟಡವನ್ನೇ ಎಬ್ಬಿಸಿದ್ದಾರೆ.

ಮರವೇಕೆಂದರೆ, ಅಲ್ಲಿನದು ಕಾಲಿಟ್ಟರೆ ಇಳಿಯುವ ಜೌಗು ನೆಲ. ಇಟ್ಟಿಗೆ ಗೋಡೆಯ ಭಾರ ಅದು ತಾಳದು. ಹಗುರವಾದ ಹಲಗೆ ಪಕ್ಕದ ಗಿರಣಿಯಲ್ಲೇ ಸಿಗುತ್ತಿತ್ತು. ಒಂದರ ಅಂಚಿನ ಮೇಲೊಂದು ಹಲಗೆ ಹೊದಿಸಿ, ಹಸಿರು ಬಣ್ಣ ಬಳಿದು, ಕಿಟಕಿಗೆ ಬಿಳಿ ಅಂಚು ಕೊಟ್ಟರೆ ಝಾನ್ ಮನೆ.

ನೀವು ಕೇಳದಿದ್ದರೂ ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕು. ಚಿತ್ರದಡಿ ‘ಶತಮಾನಗಳಿಂದ ಹೀಗೇ ಇರುವ ಹಳ್ಳಿ’ ಎಂದು ಅಚ್ಚಾಗಿದೆ. ಮನೆಗಳು ಹಳೆಯವು, ಹಳ್ಳಿ ಹಳೆಯದಲ್ಲ. ಬೇರೆಡೆ ಕೆಡವಲಿದ್ದ ಮನೆ, ಗಿರಣಿಗಳನ್ನು 1961ರಿಂದೀಚೆಗೆ ತಂದು ಅಲ್ಲಿ ನಿಲ್ಲಿಸಿದ್ದು. ಕೆಲವು ಮನೆಗಳು ನೀರಿನ ಮೇಲೆ ತೇಲಿಕೊಂಡೇ ಬಂದವು. ಮುಖಪುಟದಲ್ಲಿ ನಾವು ಹಾಕಿದ ‘ಹೆಟ್ ಯೊಂಗೆ ಸ್ಖಾಪ್’ ಗರಗಸದ ಗಿರಣಿಯಂತೂ 1942ರಲ್ಲಿ ಕೆಡವಿದ್ದನ್ನು 2007ರಲ್ಲಿ ಮತ್ತೆ ಕಟ್ಟಿದ್ದು. ಗಾಳಿ ಬೀಸಿದರೆ ಈಗಲೂ ಮರ ಕೊಯ್ಯುತ್ತದೆ.