ಮಲ್ಪೆಯ ಹಯಬುಸಾ ನೋಡೋಕೆ ಬೆಳಿಗ್ಗೆಯೇ ಹೋಗಿ
ಮಲ್ಪೆಯ ಒಬ್ಬರ ಹತ್ತಿರ 2014ರ ಸುಜುಕಿ ಹಯಬುಸಾ ಬೈಕ್ ಇದೆ, ತಗೊಳ್ಳೋ ಮೊದಲು ಏನು ನೋಡಬೇಕು ಅಂತ ಕೇಳಿದ್ದೀರಿ. ನಮ್ಮ ದೇಶದಲ್ಲಿ ಅದರ ಜೋಡಣೆ ಶುರುವಾದದ್ದು 2016ರಲ್ಲಿ, ಹಾಗಾಗಿ ಅದು ಹೊರಗಿನಿಂದ ಇಡಿಯಾಗಿ ಬಂದ ಗಾಡಿ. ಫ್ರೇಮಿನ ಮೇಲೆ ಕೆತ್ತಿದ ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಯಾರಾದರೂ ಸ್ವಂತಕ್ಕೆ ತರಿಸಿದ್ದಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ಅಂದ್ರೆ ಆಮದಿನ ದಾಖಲೆ ಕೇಳಿ. ಅದಿಲ್ಲ ಅಂದ್ರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಬನ್ನಿ.

ನಮ್ಮ ಕರಾವಳಿಯಲ್ಲಿ ಕಾಗದಕ್ಕಿಂತ ಜಾಸ್ತಿ ಹೆದರಬೇಕಾದ್ದು ಉಪ್ಪು ಗಾಳಿಗೆ. ನಾನೊಮ್ಮೆ ಹೊರಗಿನ ಪಾಲಿಶ್ ನೋಡಿ ಒಂದು ಬೈಕ್ ತಗೊಂಡೆ, ಟ್ಯಾಂಕಿನೊಳಗೆ ತುಕ್ಕಿನ ಕೆಂಪು ಪುಡಿ ತುಂಬಿತ್ತು, ಎರಡೇ ತಿಂಗಳಲ್ಲಿ ಫ್ಯೂಯಲ್ ಪಂಪ್ ಹೋಯಿತು. ಅದಕ್ಕೇ ಹೇಳ್ತಿದ್ದೇನೆ, ಟ್ಯಾಂಕಿನ ಮುಚ್ಚಳ ತೆಗೆಸಿ ಟಾರ್ಚ್ ಹಾಕಿ ನೋಡಿ. ಸೀಟು ಎತ್ತಿ ವೈರಿನ ಕನೆಕ್ಟರ್ ಬಿಚ್ಚಿ, ಹಸಿರು ಕಿಲುಬು ಕಂಡರೆ ಖರ್ಚು ಕಾದಿದೆ ಅಂತಲೇ ಲೆಕ್ಕ. ಟೈರಿನ ಮೇಲೆ 2319 ಅಂತಿದ್ದರೆ 2019ರ 23ನೇ ವಾರದ್ದು, ಮೇಲೆ ಗೀರು ಇಲ್ಲದಿದ್ದರೂ ಹಳೇದೇ.

ಬೆಳಿಗ್ಗೆಯೇ ಹೋಗಿ, ನಾನು ಬರೋ ಮೊದಲು ಸ್ಟಾರ್ಟ್ ಮಾಡಿಡಬೇಡಿ ಅಂತ ಮಾರುವವರಿಗೆ ಮುಂಚೆಯೇ ಹೇಳಿ; ಇಂಜಿನ್ ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗಲ್ಲ. ಇಂಜಿನ್ ತಣ್ಣಗಿದೆಯಾ ಅಂತ ಮೊದಲು ಮುಟ್ಟಿ ನೋಡಿ, ಆಮೇಲೆ ಸ್ಟಾರ್ಟ್ ಮಾಡಿಸಿ. ಬೇರೆ ರಾಜ್ಯದ ನಂಬರಾದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ.